ಎಂಟನೇ ಕ್ಲಾಸಿನ ಮಾರ್ಕ್ಸಿಗೆ ಬೆಲೆ ಇದೆಯಾ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ಅರ್ಧವಾರ್ಷಿಕದಲ್ಲಿ ಗಣಿತ ಕೈಕೊಟ್ಟಿದೆ. "ಹತ್ತರಲ್ಲಿ ಓದಿದರೆ ಸಾಕು, ಈಗಲೇ ಯಾಕೆ ಅವಳ ತಲೆ ತಿನ್ನುತ್ತೀಯ" ಎನ್ನುತ್ತಾರಂತೆ ಯಜಮಾನರು. ಅಮೆರಿಕದಲ್ಲಿರುವ ನಾದಿನಿ ಫೋನ್ ಮಾಡಿ, "ಇಲ್ಲಿ ಒಂಬತ್ತರಿಂದಲೇ ಲೆಕ್ಕ" ಎಂದು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ ಎಂಬುದು ಇವರ ಪ್ರಶ್ನೆ.

ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. ಅಲ್ಲಿ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡರವರೆಗೆ ಹೈಸ್ಕೂಲು. ಕಾಲೇಜಿಗೆ ಅರ್ಜಿ ಹಾಕುವಾಗ ಒಂಬತ್ತರ ಗ್ರೇಡೂ ಜೊತೆಗೆ ಹೋಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಂಟು, ಒಂಬತ್ತರ ಸುದ್ದಿಯೇ ಇರುವುದಿಲ್ಲ. ಅಷ್ಟರ ಮಟ್ಟಿಗೆ ಯಜಮಾನರು ಗೆದ್ದರು.

ಆದರೆ ಪಾಠ ಒಂದರ ಮೇಲೊಂದು ಕೂತಿರುತ್ತದಲ್ವಾ? ಎಂಟರಲ್ಲಿ ಒಂದು ಚರಾಕ್ಷರದ ಸಮೀಕರಣ. ಒಂಬತ್ತರಲ್ಲಿ ಎರಡು ಚರಾಕ್ಷರದ್ದು. ಹತ್ತರಲ್ಲಿ ಅವುಗಳ ಜೋಡಿ, ಮೇಲೆ ವರ್ಗಸಮೀಕರಣ ಬೇರೆ. ಸಮ ಚಿಹ್ನೆ ದಾಟಿದ ಕೂಡಲೇ ಪ್ಲಸ್ ಯಾಕೆ ಮೈನಸ್ ಆಯಿತು ಅನ್ನುವುದು ಈಗ ಗೊತ್ತಾಗದಿದ್ದರೆ, ಹತ್ತರಲ್ಲಿ ಅದನ್ನು ಹೇಳಿಕೊಡಲು ಮೇಷ್ಟ್ರಿಗೂ ಪುರುಸೊತ್ತಿರುವುದಿಲ್ಲ. ನನ್ನ ಕಥೆಯೂ ಅದೇ. ಎಂಟನ್ನು ಬಾಯಿಪಾಠದಲ್ಲಿ ದಾಟಿದೆ, ಹತ್ತರಲ್ಲಿ ಸಿಕ್ಕಿಬಿದ್ದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ತಂಗಿಯ ಎಂಟನೇ ಕ್ಲಾಸಿನ ಪುಸ್ತಕ ಕದ್ದು ಓದುತ್ತಿದ್ದೆ. ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇನ್ನು "ಹತ್ತರಲ್ಲಿ ನೋಡಿಕೊಂಡರಾಯಿತು" ಅನ್ನುವ ಮಾತು. ಗಣಿತದ 100ರಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಅದು ಕೊನೆಯ ಪರೀಕ್ಷೆಗೆ ಕಾಯುವುದಿಲ್ಲ, ವರ್ಷದ ನಡುವೆಯೇ ಸೇರುತ್ತಾ ಹೋಗುತ್ತದೆ. ಕೊಡಗಿನಲ್ಲಿ ಆ ವರ್ಷ ಹೇಗೆ ಶುರುವಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಮಳೆ, ಮಳೆ ರಜೆ, ಕರೆಂಟಿಲ್ಲದ ರಾತ್ರಿ. ತಪ್ಪಿದ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನ ಓಡಿಸುತ್ತಾರೆ. ಅದು ಮುಗಿಯುವಷ್ಟರಲ್ಲಿ ಕಾಫಿ ಕೊಯ್ಲು ಬಂತು, ಮನೆಯಲ್ಲಿ ಯಾರಿಗೂ ಬಿಡುವಿಲ್ಲ.

ನೀವು ಕೇಳದ ಒಂದು ವಿಷಯ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದರಲ್ಲಿ ಏಳು, ಎಂಟರ ಗಣಿತ, ವಿಜ್ಞಾನ, ಸಮಾಜ ಬರುತ್ತದೆ. ಆಯ್ಕೆಯಾದರೆ ಒಂಬತ್ತರಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಏಳರಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50. ನೋಡಿ, ಏಳರ ಮಾರ್ಕ್ಸೂ ಕೆಲಸಕ್ಕೆ ಬಂತು! ಅರ್ಜಿ ಶಾಲೆಯ ಮೂಲಕ ಹೋಗಬೇಕು. ಹೆಡ್‌ಮಾಸ್ಟರನ್ನು ಈ ವಾರವೇ ಕೇಳಿ.

ಟ್ಯೂಷನ್ನಿಗೆ ಅಂತ ಮಗುವನ್ನು ಸಂಜೆ ಬಸ್ಸು ಹತ್ತಿಸಬೇಡಿ, ಸುಮ್ನೆ ಸುಸ್ತು. ಮೊದಲು ಅರ್ಧವಾರ್ಷಿಕದ ಉತ್ತರಪತ್ರಿಕೆ ತರಿಸಿಕೊಳ್ಳಿ. ಎಷ್ಟು ಬಂತು ಅನ್ನುವುದನ್ನು ಬಿಡಿ, ಯಾವ ಸಾಲಿನಲ್ಲಿ ಲೆಕ್ಕ ತಪ್ಪಿತು ಅಂತ ಅವಳ ಕೈಯಲ್ಲೇ ಗೆರೆ ಹಾಕಿಸಿ. ಪಕ್ಕದಲ್ಲಿ ಯಜಮಾನರನ್ನೂ ಕೂರಿಸಿಕೊಳ್ಳಿ. ಹೇಗೂ ಅವರಿಗೆ ಈಗ ಅವಸರವಿಲ್ಲವಲ್ಲ.