ಹಳೇ ಮೈಕೋ ಪಂಪಿನ ಲಾರಿ ಗಟ್ಟಿನಾ, ಬಿಎಸ್6 ಗಾಡಿ ಗಟ್ಟಿನಾ?

ನೀವು ಕೇಳಿರೋದು ಇಷ್ಟು: ಜಮಖಂಡಿ ಕಡೆ ಸೀಸನ್ನಿನಲ್ಲಿ ಕಬ್ಬು, ಉಳಿದ ತಿಂಗಳು ಸಿಮೆಂಟ್ ಹೊಡೆಯೋಕೆ ಹತ್ತು ಚಕ್ರದ ಲಾರಿ ತಗೋಬೇಕು. ಹಳೇ ಇಂಜಿನ್ ಮುಂದೆ ಬಿಎಸ್6 (ಹೊಸ ಹೊಗೆ ನಿಯಮದ ಗಾಡಿ) ಏನೂ ಅಲ್ಲ ಅಂತ ಎಲ್ಲರೂ ಹೇಳ್ತಾರೆ, ನಿಜವಾ? ಟಾಟಾ ತಗೊಳ್ಳಲಾ, ಲೇಲ್ಯಾಂಡ್ ತಗೊಳ್ಳಲಾ?

ಬಾಗಲಕೋಟೆಯಲ್ಲಿ ನಮ್ಮದು ಬೋರಿಂಗ್ ಮತ್ತು ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿ. ನಮ್ಮ ಬಾಗಿಲಿಗೆ ಲಾರಿ ಬರೋದಿಲ್ಲ, ಲಾರಿಯ ಬ್ಲಾಕು, ಹೆಡ್ಡು, ಕ್ರ್ಯಾಂಕು ಬರುತ್ತವೆ. ಚೆನ್ನಾಗಿ ಓಡ್ತಿರೋ ಇಂಜಿನ್ ನಾನು ನೋಡೋದೇ ಕಡಿಮೆ. ಆ ಲೆಕ್ಕ ಇಟ್ಕೊಂಡೇ ನನ್ನ ಮಾತು ಓದಿ.

ಹಳೇ ಇಂಜಿನ್ ಹೊಸದಕ್ಕಿಂತ ಗಟ್ಟಿ ಅನ್ನೋದನ್ನ ನಾನು ಒಪ್ಪಲ್ಲ. ಹಳೇದು ತಡ್ಕೊಳ್ಳುತ್ತೆ. ಕೊಳಕು ಡೀಸೆಲ್, ತಡವಾದ ಆಯಿಲ್, ಬೋರ್‌ವೆಲ್ ನೀರು, ಎಲ್ಲ ನುಂಗಿಕೊಂಡು ಹೊಗೆ ಬಿಡುತ್ತಾ ಮನೆಗೆ ಬರುತ್ತೆ. ಹೊಸದಕ್ಕೆ ಆ ತಾಳ್ಮೆ ಇಲ್ಲ. ಆದರೆ ಅದು ಎಳೆಯೋ ತೂಕ, ಕುಡಿಯೋ ಡೀಸೆಲ್ ಲೆಕ್ಕ ಹಾಕಿದರೆ ಹಳೇದು ಹತ್ತಿರಕ್ಕೂ ಬರಲ್ಲ. ನಿಮ್ಮದು ಯಾವ ಕೈ, ಯಾವ ದಾರಿ, ಯಾವ ಲೋಡು ಅನ್ನೋದರ ಮೇಲೆ ಉತ್ತರ ನಿಂತಿದೆ. ಬಾನೆಟ್ ಮೇಲಿನ ಹೆಸರಿಂದ ನಿರ್ಧಾರ ಆಗಲ್ಲ.

ಮೊದಲು ಹಳೇದರ ವಿಷಯ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದರು. 1969ಕ್ಕೆ ಆ ಒಪ್ಪಂದ ಮುಗೀತು. ಬೆಂಜ್ ನಕ್ಷತ್ರ ಹೋದರೂ ಇಂಜಿನ್ನಿನ ಗುಣ ಉಳೀತು. ನಮ್ಮ ಫಿಟ್ಟರುಗಳು ದೇವರ ಹೆಸರಿನ ಹಾಗೆ ಹೇಳೋ 697 ಆ ವಂಶದ್ದೇ. ಆರು ಸಿಲಿಂಡರ್, 97 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), ಅದಕ್ಕೇ 697. ನಾಲ್ಕು ಸಿಲಿಂಡರಿನದು 497. ಲಾರಿ ಮೇಲಿನ ನಂಬರಿಗೂ ಹೀಗೇ ಒಂದು ಲೆಕ್ಕ ಇದೆ. 1613 ಅಂದರೆ ಸುಮಾರು 16 ಟನ್ ಒಟ್ಟು ತೂಕ, 130 ಎಚ್‌ಪಿ. 2515 ಅಂದರೆ 25 ಟನ್, 150 ಎಚ್‌ಪಿ.

ಈ ಇಂಜಿನ್ನಿನಲ್ಲಿ ಡೀಸೆಲ್ ಅಳೆದು ಕೊಡೋದು ಸಾಲು ಪಂಪು, ಸಿಲಿಂಡರಿಗೆ ಒಂದೊಂದು ಪ್ಲಂಜರ್ ಸಾಲಾಗಿ ಇರೋದು. ಅದನ್ನ ಮಾಡಿದ ಬೆಂಗಳೂರಿನ ಮೈಕೋ ಕಂಪನಿ 1951ರಲ್ಲೇ ಶುರುವಾಗಿದ್ದು. ಹೆಸರು ಬಾಷ್ ಅಂತ ಆಗಿ ಎಷ್ಟೋ ವರ್ಷ ಆದರೂ ನಮ್ಮಲ್ಲಿ ಅದು ಮೈಕೋ ಪಂಪೇ. ಒಮ್ಮೆ ಸ್ಟಾರ್ಟ್ ಆಯ್ತು ಅಂದರೆ ಬ್ಯಾಟರಿ ಕಿತ್ತು ಕೆಳಗಿಟ್ಟರೂ ಇಂಜಿನ್ ನಿಲ್ಲಲ್ಲ. ಲೋಕಾಪುರ ದಾಟಿ ರಾತ್ರಿ ಕೆಟ್ಟು ನಿಂತರೆ, ಡ್ರೈವರ್ ಒಬ್ಬ, ಕ್ಲೀನರ್ ಒಬ್ಬ, ಒಂದು ಸ್ಪ್ಯಾನರ್ ಇದ್ದರೆ ಡೀಸೆಲ್ ಪೈಪಿನ ಏರ್ ತೆಗೆದು ಗಾಡಿ ಎಬ್ಬಿಸಬಹುದು. ಡ್ರೈವರುಗಳಿಗೆ ಇದರ ಮೇಲೆ ಪ್ರೀತಿ ಇರೋದು ಸುಮ್ನೆ ಅಲ್ಲ.

ಇದೇ ಜಗಳ ಅಮೆರಿಕದಲ್ಲೂ ಇದೆ ಅಂತ ತಿಳಿದಾಗ ನನಗೆ ನಗು ಬಂತು. ನಮ್ಮ ಟಾಟಾ ಲಾರಿಗಳಲ್ಲಿ ಬರೋ ಕಮಿನ್ಸ್ ಬಿ ಸೀರೀಸ್ ಇಂಜಿನ್ನಿನ ಅಣ್ಣತಮ್ಮಂದಿರೇ ಅಲ್ಲಿ 1989ರಿಂದ ಡಾಜ್ ಪಿಕಪ್ ಗಾಡಿಗಳಲ್ಲಿ ಬಂದವು, 5.9 ಲೀಟರಿನವು. ಅಲ್ಲಿನ ಡೀಸೆಲ್ ಹುಚ್ಚರು ಹನ್ನೆರಡು ವಾಲ್ವಿನ, ಸಾಲು ಪಂಪಿನ ಹಳೇ ಮಾದರಿಗೆ ಈಗಲೂ ಕೈ ಮುಗೀತಾರೆ. ಕಾಮನ್ ರೇಲ್ (ಒಂದೇ ಕೊಳವೆಯಿಂದ ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಕೊಡೋದು) ಬಂದ ಮೇಲೆ ಇಂಜಿನ್ ಕೆಟ್ಟುಹೋಯ್ತು ಅಂತ ಅವರದೂ ಅದೇ ರಾಗ. ನಮ್ಮ ಅಂಗಡಿ ಕಟ್ಟೆ ಮೇಲೆ ಕೂತ ಕಾಕಾ "ಆಗಿನ ಕಬ್ಬಿಣ ಬ್ಯಾರೆ ಇತ್ತು ಬಿಡ್ರೀ" ಅಂದ ಹಾಗೆ.

ಕಬ್ಬಿಣ ಬೇರೆ ಇರಲಿಲ್ಲ. ಕೆಲಸ ಬೇರೆ ಇತ್ತು.

ಬ್ಲಾಕ್ ಬಂದ ತಕ್ಷಣ ನಾನು ಮಾಡೋ ಮೊದಲ ಕೆಲಸ ಹೇಳ್ತೀನಿ. ಬೋರಿನ ಮೇಲಂಚಿನಲ್ಲಿ, ಟಾಪ್ ರಿಂಗ್ ಬಂದು ತಿರುಗೋ ಜಾಗದಲ್ಲಿ, ಉಗುರು ಎಳೀತೀನಿ. ಸವೆದ ಬೋರಿನಲ್ಲಿ ಉಗುರು ಟಕ್ ಅಂತ ಮೆಟ್ಟಿಲಿಗೆ ಸಿಕ್ಕಿಬೀಳುತ್ತೆ. ಆಮೇಲೆ ಟಾರ್ಚ್ ಹಿಡಿದು ನೋಡ್ತೀನಿ. ಹೋನಿಂಗ್ (ಬೋರಿನ ಒಳಮೈ ಕಲ್ಲಿನಿಂದ ಉಜ್ಜೋದು) ಮಾಡಿದಾಗ ಬಿದ್ದ ಅಡ್ಡಗೆರೆಗಳು ಕೆಳಗಡೆ ಇನ್ನೂ ಕಾಣ್ತಿದ್ದು, ಮೇಲ್ಭಾಗ ಮಾತ್ರ ಕನ್ನಡಿಯ ಹಾಗೆ ಹೊಳೀತಿದ್ದರೆ ನನ್ನ ಅನುಮಾನ ಮೊದಲು ಹೋಗೋದು ಮಣ್ಣಿನ ಮೇಲೆ. ಟರ್ಬೋ ತರಿಸಿ ನೋಡಿದರೆ ಗಾಳಿ ಎಳೆಯೋ ಚಕ್ರದ ರೆಕ್ಕೆಗಳ ತುದಿ ಸವೆದು ಮೊಂಡಾಗಿರುತ್ತೆ. ಮಾಲೀಕ "ಇಂಜಿನ್ ಲಡ್ಡು ರೀ" ಅಂತಾನೆ. ಏರ್ ಕ್ಲೀನರ್‌ನಿಂದ ಟರ್ಬೋಗೆ ಹೋಗೋ ರಬ್ಬರ್ ಹೋಸ್ ನೋಡಿ ಅಂದರೆ ಕ್ಲಿಪ್ಪೇ ಇಲ್ಲ, ತಂತಿ ಸುತ್ತಿದ್ದಾರೆ. ಅಥವಾ ಫಿಲ್ಟರನ್ನ ಕಂಪ್ರೆಸರ್ ಗಾಳಿಯಿಂದ ಜೋರಾಗಿ ಊದಿ ಊದಿ ಒಳಗಿನ ಕಾಗದ ಹರಿದಿರುತ್ತೆ. ಕಬ್ಬಿನ ಗದ್ದೆಯ ದಾರಿ ನಿಮಗೆ ಗೊತ್ತಲ್ವಾ, ಕಪ್ಪು ಮಣ್ಣಿನ ಧೂಳು ಹಿಟ್ಟಿನ ಹಾಗೆ ಇರುತ್ತೆ. ಆ ಧೂಳಿಗೆ 697 ಆದರೇನು, ಬಿಎಸ್6 ಆದರೇನು.

ನೀರಿನದು ಇನ್ನೊಂದು ಕಥೆ. ನಮ್ಮ ಕಡೆ ಬೋರ್‌ವೆಲ್ ನೀರು ಕಾಸಿದ ಪಾತ್ರೆಗೆ ಬಿಳಿ ಪೊರೆ ಹಿಡಿಯುತ್ತೆ. ಅದೇ ನೀರು ರೇಡಿಯೇಟರಿಗೆ. ವೆಟ್ ಲೈನರ್ (ಬ್ಲಾಕಿನೊಳಗೆ ಕೂರಿಸೋ ಬೇರೆ ಸಿಲಿಂಡರ್ ಕೊಳವೆ) ಇರೋ ಇಂಜಿನ್ನಿನಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುತ್ತೆ. ಪಿಸ್ಟನ್ ಬಡಿತಕ್ಕೆ ಲೈನರ್ ಸಣ್ಣಗೆ ನಡುಗುತ್ತೆ, ಆ ನಡುಕಕ್ಕೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತವೆ, ಒಡೆದಾಗೆಲ್ಲ ಲೋಹ ಕಿತ್ತು ಬರುತ್ತೆ. ಸೂಜಿಯಿಂದ ಚುಚ್ಚಿದ ಹಾಗೆ ಸಾಲಾಗಿ ತೂತು. ಕೊನೆಗೆ ಒಂದು ತೂತು ಒಳಗೆ ದಾಟಿ ಆಯಿಲ್ ಚಹಾದ ಬಣ್ಣಕ್ಕೆ ತಿರುಗುತ್ತೆ. ಕೂಲಂಟ್ ಹಾಕಿದ್ದರೆ ಅದರಲ್ಲಿರೋ ಮದ್ದು ಇದನ್ನ ತಡೀತಿತ್ತು. ಕಮಿನ್ಸ್ ಬಿ ಸೀರೀಸಿಗೆ ಲೈನರೇ ಇಲ್ಲ, ಬೋರು ಬ್ಲಾಕಿನಲ್ಲೇ ಇದೆ. ಹಾಗಂತ ಅದಕ್ಕೆ ಬೋರ್‌ವೆಲ್ ನೀರು ಹುಯ್ಯಬಹುದು ಅಂತಲ್ಲ, ರೇಡಿಯೇಟರ್ ಕಟ್ಟಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ.

ಈಗ ಬಿಎಸ್6. ದೇಶದಲ್ಲೆಲ್ಲ ಇದು ಬಂದದ್ದು 2020ರ ಏಪ್ರಿಲ್ 1ಕ್ಕೆ. ಡೀಸೆಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳೀತು. ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಜರಡಿ, ನೈಟ್ರೋಜನ್ ಆಕ್ಸೈಡ್ ಕಳೆಯೋಕೆ ಡಿಇಎಫ್ ದ್ರವ. ಗಾಡಿ ದಂಡ ಅಂತ ಬೈಯೋ ನೂರಕ್ಕೆ ತೊಂಬತ್ತು ಮಾತು ಈ ಎರಡರ ಸುತ್ತಲೇ ಇರೋದು. ಇಂಜಿನ್ನಿನ ಬಗ್ಗೆ ಅಲ್ಲ.

ನಿಮ್ಮ ಕಬ್ಬಿನ ಕೆಲಸಕ್ಕೆ ಡಿಪಿಎಫ್ ನಿಜವಾಗಲೂ ತಲೆನೋವು, ಅದನ್ನ ಮುಚ್ಚಿಡಲ್ಲ. ಮಸಿ ತಾನಾಗಿ ಸುಟ್ಟುಹೋಗಬೇಕು ಅಂದರೆ ಸೈಲೆನ್ಸರ್ ಚೆನ್ನಾಗಿ ಕಾಯಬೇಕು. ಹೈವೇಯಲ್ಲಿ ಲೋಡ್ ಎಳೀತಾ ಹೋಗೋ ಗಾಡಿಗೆ ಅದು ತಾನೇ ಆಗುತ್ತೆ. ಫ್ಯಾಕ್ಟರಿ ಯಾರ್ಡಿನ ಪಾಳಿಯಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲೂ ಇಟ್ಟು, ಹತ್ತು ಮಾರು ಮುಂದೆ ಹೋಗಿ ಮತ್ತೆ ನಿಲ್ಲೋ ಗಾಡಿಗೆ ಆಗಲ್ಲ. ಮಸಿ ಕೂಡುತ್ತೆ, ಲೈಟ್ ಬರುತ್ತೆ. ಆ ಲೈಟಿಗೆ ಮರ್ಯಾದೆ ಕೊಟ್ಟು, ಗಾಡಿ ನಿಲ್ಲಿಸಿ ಸ್ವಿಚ್ ಒತ್ತಿ ರೀಜನರೇಷನ್ (ಮಸಿ ಸುಡೋದು) ಮಾಡಬೇಕು. ಆದರೆ ಎಲ್ಲಿ ನಿಲ್ಲಿಸ್ತೀರಿ ಅನ್ನೋದು ಮುಖ್ಯ. ಡಿಪಿಎಫ್ ಒಳಗೆ ಆಗ 500-600 ಡಿಗ್ರಿ ಶಾಖ ಇರುತ್ತೆ. ಕೆಳಗೆ ಒಣ ರವದಿ (ಕಬ್ಬಿನ ಸೋಗೆ) ಬಿದ್ದಿದ್ದರೆ ಗಾಡಿ, ಕಬ್ಬು ಎರಡೂ ಹೋದವು. ಖಾಲಿ ಮಣ್ಣು ಇರೋ ಜಾಗ ನೋಡಿ ನಿಲ್ಲಿಸಿ. ಪಾಳಿಯಲ್ಲಿ ಇಂಜಿನ್ ಆಫ್ ಮಾಡೋ ಅಭ್ಯಾಸವನ್ನ ಡ್ರೈವರಿಗೆ ಮೊದಲ ದಿನವೇ ಹೇಳಿಕೊಡಿ.

ಡಿಇಎಫ್ ಬಗ್ಗೆ ಇನ್ನೂ ಕೆಟ್ಟ ಮಾತು ಓಡಾಡ್ತಿವೆ. "ಅದ್ರಾಗ ಏನೈತ್ರಿ, ಯೂರಿಯಾ ನೀರು ಅಷ್ಟ" ಅಂತ ಮನೆಯಲ್ಲೇ ಗೊಬ್ಬರದ ಯೂರಿಯಾ ಕಲಸಿ ಹಾಕೋರು ಇದ್ದಾರೆ. ಅದರಲ್ಲಿ ಇರೋದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು, ನಿಜ. ಆದರೆ ಸೊಸೈಟಿಯಲ್ಲಿ ಸಿಗೋ ಸಬ್ಸಿಡಿ ಯೂರಿಯಾಗೆ 2015ರಿಂದ ಬೇವಿನ ಎಣ್ಣೆ ಲೇಪ ಕಡ್ಡಾಯ. ಆ ಎಣ್ಣೆ, ಬೋರ್‌ವೆಲ್ ನೀರಿನ ಸುಣ್ಣ ಎರಡೂ ಸೇರಿ ನಳಿಕೆ ಕಟ್ಟುತ್ತೆ, ಒಳಗಿನ ಕ್ಯಾಟಲಿಸ್ಟ್ ಹಾಳಾಗುತ್ತೆ. ಗಾಡಿ ಪಿಕಪ್ ಕಳ್ಕೊಂಡು ಆಮೆ ನಡಿಗೆಗೆ ಬರುತ್ತೆ. ನಾಲ್ಕು ಕಾಸು ಉಳಿಸೋಕೆ ಹೋಗಿ ಇಡೀ ಸೈಲೆನ್ಸರ್ ಬದಲಾಯಿಸಬೇಕಾಗುತ್ತೆ. ಡಿಇಎಫ್ ಖರ್ಚಾದರೂ ಎಷ್ಟು, ನೂರು ಲೀಟರ್ ಡೀಸೆಲ್ಲಿಗೆ ಸಾಮಾನ್ಯವಾಗಿ ಮೂರರಿಂದ ಐದಾರು ಲೀಟರ್.

ಡೀಸೆಲ್ ಕೂಡ ಹಾಗೇ. ಕಾಮನ್ ರೇಲ್‌ನಲ್ಲಿ ಒತ್ತಡ ಸಾವಿರದೈನೂರು ಬಾರ್ ದಾಟುತ್ತೆ, ಇಂಜೆಕ್ಟರ್ ಒಳಗಿನ ಸಂದು ಮೈಕ್ರಾನ್ ಲೆಕ್ಕದ್ದು. ಗದ್ದೆಯಲ್ಲಿ ಬ್ಯಾರಲ್‌ನಲ್ಲಿಟ್ಟ ಡೀಸೆಲ್ಲನ್ನ ಟ್ರ್ಯಾಕ್ಟರಿಗೆ ಹುಯ್ದ ಹಾಗೆ ಇದಕ್ಕೆ ಹುಯ್ಯಬೇಡಿ. ವಾಟರ್ ಸೆಪರೇಟರಿನ ಕೆಳಗಿನ ಕಿವಿ ತಿರುಗಿಸಿ ಬೆಳಗ್ಗೆ ನೀರು ಬಿಡಬೇಕು, ಅರ್ಧ ನಿಮಿಷದ ಕೆಲಸ.

ಶಕ್ತಿ ಬಗ್ಗೆ ಒಂದು ಮಾತು, ಯಾಕಂದರೆ ಯೂಟ್ಯೂಬ್ ನೋಡೋ ಹುಡುಗರು ಇಲ್ಲೇ ದಾರಿ ತಪ್ತಾರೆ. 1613ರಲ್ಲಿ ಟನ್ನಿಗೆ 8 ಎಚ್‌ಪಿ ಇತ್ತು. 2515ರಲ್ಲಿ 6. ಈಗಿನ ಟಾಟಾ ಸಿಗ್ನಾ 5530, 55 ಟನ್ನಿಗೆ 300 ಎಚ್‌ಪಿ, ಅಂದರೆ ಟನ್ನಿಗೆ ಐದೂವರೆ. ನೋಡಿ, ಇಂಜಿನ್ ದೊಡ್ಡದಾದರೂ ಪಾಲಿಗೆ ಬಂದದ್ದು ಕಡಿಮೆ! ಯುರೋಪಿನಲ್ಲಿ 40 ಟನ್ ಎಳೆಯೋ ವೋಲ್ವೋ, ಸ್ಕ್ಯಾನಿಯಾಗಳಿಗೆ 450-500 ಎಚ್‌ಪಿ ಇರೋದು ಸಾಮಾನ್ಯ, ಟನ್ನಿಗೆ ಹನ್ನೆರಡು. ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತೆಯಲ್ಲಿ ನಮ್ಮ 55 ಟನ್ನಿನ ಗಾಡಿ ಗಂಟೆಗೆ 20 ಕಿ.ಮೀ. ಆಸುಪಾಸು ಹತ್ತುತ್ತೆ, ಅದಕ್ಕಿಂತ ಹೆಚ್ಚು ಕೇಳೋದು ತಪ್ಪು. ಬೆಳಗಾವಿ ಹತ್ತಿರ ವಂಟಮೂರಿ ಘಾಟಿನಲ್ಲಿ ಇಳಕಲ್ ಗ್ರಾನೈಟ್ ಹೇರಿದ ಟ್ರೇಲರ್ ಹಿಂದೆ ಸಿಕ್ಕಿಕೊಂಡ ಕಾರಿನವರು ಹಾರ್ನ್ ಹೊಡೆಯೋದು ಬಿಟ್ಟು ಈ ಲೆಕ್ಕ ಹಾಕಬೇಕು.

ಹೊಸ ಇಂಜಿನ್ನಿನ ಗೆಲುವು ಎಚ್‌ಪಿಯಲ್ಲಿ ಇಲ್ಲ, ಟಾರ್ಕ್ (ತಿರುಗಿಸೋ ಬಲ) ಎಷ್ಟು ಆರ್‌ಪಿಎಂಗೆ ಬರುತ್ತೆ ಅನ್ನೋದರಲ್ಲಿದೆ. 5530ರ 6.7 ಲೀಟರ್ ಕಮಿನ್ಸ್ 1100 ನ್ಯೂಟನ್ ಮೀಟರ್ ಟಾರ್ಕನ್ನ 1100 ಆರ್‌ಪಿಎಂನಲ್ಲೇ ಕೊಡುತ್ತೆ. ಹಳೇ ಕೈಗಳು ಇದನ್ನೂ 697ರ ಹಾಗೆ ಕಿರುಚಿಸಿ ಓಡಿಸ್ತಾರೆ. ಆಮೇಲೆ "ಎವರೇಜ್ ಬರವಲ್ದು" ಅಂತ ಕಂಪನಿಗೆ ಬೈಗುಳ. ಮೀಟರಿನ ಹಸಿರು ಪಟ್ಟಿಯಲ್ಲಿ ಮುಳ್ಳು ಇಟ್ಟು ಓಡಿಸೋ ಡ್ರೈವರ್ ಸಿಕ್ಕರೆ ಸಂಬಳ ಜಾಸ್ತಿ ಕೊಟ್ಟಾದರೂ ಇಟ್ಕೊಳ್ಳಿ. ಅಂದ ಹಾಗೆ 2025ರ ಅಕ್ಟೋಬರ್‌ನಿಂದ ತಯಾರಾಗೋ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಐಷಾರಾಮ ಅಂತ ನಗೋರು ಏಪ್ರಿಲ್‌ನಲ್ಲಿ ಒಮ್ಮೆ ವಿಜಯಪುರದಿಂದ ಹುಬ್ಬಳ್ಳಿಗೆ ಮಧ್ಯಾಹ್ನ ಲಾರಿ ಓಡಿಸಿ ನೋಡಲಿ.

ಟಾಟಾನಾ, ಲೇಲ್ಯಾಂಡಾ? ಇದಕ್ಕೆ ನಾನು ಜಾಸ್ತಿ ಬರೆಯಲ್ಲ. ಎರಡರ ಬ್ಲಾಕೂ ನನ್ನ ಮೆಷಿನ್ ಮೇಲೆ ಕೂತಿವೆ. ಲೇಲ್ಯಾಂಡಿನ ಎಚ್ ಸೀರೀಸ್ ಜಪಾನಿನ ಹಿನೋ ಮೂಲದ್ದು, ಶಾಂತ ಇಂಜಿನ್. ಭಾರತ್‌ಬೆಂಜ್ ಓಡಿಸಿದವರು ಕ್ಯಾಬಿನ್ ಹೊಗಳ್ತಾರೆ, ಪಾರ್ಟಿನ ದರ ಕೇಳಿ ಸುಮ್ಮನಾಗ್ತಾರೆ. ನಿಮ್ಮ ಊರಿನಿಂದ ಯಾವ ಕಂಪನಿಯ ವರ್ಕ್‌ಶಾಪ್ ಹತ್ತಿರ, ಲ್ಯಾಪ್‌ಟಾಪ್ ಹಚ್ಚಿ ಕೋಡ್ ಓದೋ ಹುಡುಗ ಎಷ್ಟು ಗಂಟೆಯಲ್ಲಿ ಬರ್ತಾನೆ, ಅದನ್ನ ವಿಚಾರಿಸಿ. ಸೀಸನ್ನಿನಲ್ಲಿ ಎರಡು ದಿನ ಗಾಡಿ ನಿಂತರೆ ಕಬ್ಬಿನ ಗ್ಯಾಂಗೂ ಕೈಕಟ್ಟಿ ಕೂರುತ್ತೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡ್ತಿದ್ದೆ ಅಂದರೆ, ಅರ್ಧ ವರ್ಷ ಗದ್ದೆ-ಯಾರ್ಡು, ಉಳಿದದ್ದು ಹತ್ತಿರದ ಸಿಮೆಂಟ್ ಅಂದಾಗ ಹೊಸ ಬಿಎಸ್6ಕ್ಕೆ ಸಾಲ ಮಾಡ್ತಿರಲಿಲ್ಲ. 2017ರಿಂದ 2020ರ ನಡುವಿನ ಬಿಎಸ್4 ಹತ್ತು ಚಕ್ರ ಹುಡುಕ್ತಿದ್ದೆ. ಲೇಲ್ಯಾಂಡ್ ಆ ಕಾಲಕ್ಕೆ ಐಇಜಿಆರ್ ಅಂತ, ಹೊಗೆಯ ಒಂದು ಪಾಲನ್ನ ಇಂಜಿನ್ನಿಗೇ ವಾಪಸ್ ಕಳಿಸೋ ವ್ಯವಸ್ಥೆ ತಂದಿತ್ತು. ಸಾಲು ಪಂಪು ಉಳಿಸಿಕೊಂಡು, ಡಿಇಎಫ್ ಟ್ಯಾಂಕ್ ಇಲ್ಲದೆ ಮಾಡಿದ್ದು. ನಿಮ್ಮಂಥ ಕೆಲಸಕ್ಕೆ ಅದು ಹೇಳಿಮಾಡಿಸಿದ ಹಾಗಿದೆ. ಸಿಮೆಂಟ್ ಗೋವಾ, ಮಂಗಳೂರಿಗೆ ದಿನವೂ ಹೋಗೋದಾದರೆ ಮಾತು ಬೇರೆ, ಆಗ ಬಿಎಸ್6ನ ಡೀಸೆಲ್ ಉಳಿತಾಯವೇ ಕಂತಿನ ಒಂದು ಪಾಲು ಕಟ್ಟುತ್ತೆ.

ಹಳೇ ಗಾಡಿ ನೋಡೋಕೆ ಹೋದಾಗ ಇಂಜಿನ್ ತಣ್ಣಗಿರೋವಾಗ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಬಿಸಿಯಾದ ಮೇಲೆ ಆಯಿಲ್ ತುಂಬೋ ಮುಚ್ಚಳ ಬಿಚ್ಚಿ ಅಲ್ಲೇ ಬೋರಲು ಇಡಿ. ಅದು ಕುಣಿದು ಕೆಳಗೆ ಬಿದ್ದರೆ ರಿಂಗ್ ಹೋಗಿದೆ. ಪಂಪಿನ ಸೀಲ್ ಒಡೆದಿದೆಯಾ ನೋಡಿ. ಒಡೆದಿದ್ದರೆ ಯಾರೋ ಡೀಸೆಲ್ ಏರಿಸಿ ಕಪ್ಪು ಹೊಗೆ ಬಿಟ್ಟುಕೊಂಡು ಓಡಿಸಿದ್ದಾರೆ, ಪಿಸ್ಟನ್ ತಲೆ ಸುಟ್ಟಿರಬಹುದು. ಹಿಂದೆ ಇಂಜಿನ್ ಕೆಲಸ ಆಗಿದ್ದರೆ ಕ್ರ್ಯಾಂಕ್ ಎಷ್ಟು ಸೈಜಿಗೆ ಹೊಡೆಸಿದ್ದಾರೆ ಅಂತ ಗ್ರೈಂಡಿಂಗ್ ಬಿಲ್ ಕೇಳಿ. ಹತ್ತು, ಇಪ್ಪತ್ತು (ಇಂಚಿನ ಸಾವಿರದ ಪಾಲಿನ ಲೆಕ್ಕ) ಅಂದರೆ ಇನ್ನೂ ಆಯುಷ್ಯ ಇದೆ. ಮೂವತ್ತು ದಾಟಿದ್ದರೆ ಹೊಸ ಕ್ರ್ಯಾಂಕಿನ ದುಡ್ಡು ಕಳೆದೇ ರೇಟ್ ಮಾತಾಡಿ. ಬಿಲ್ ಇಲ್ಲ ಅಂದರೆ ಮೂವತ್ತು ಅಂತಲೇ ಹಿಡ್ಕೊಳ್ಳಿ.