ವರ್ಷಕ್ಕೊಮ್ಮೆ ವೈರಿಂಗ್ ತಪಾಸಣೆಗೆ ದುಡ್ಡು ಕೊಡುತ್ತಾರೆಯೇ?

ಕೆಟ್ಟ ಮೇಲಷ್ಟೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವ ಮನೆಯವರು ವಾರ್ಷಿಕ ತಪಾಸಣೆಗೆ ಒಪ್ಪುತ್ತಾರೆಯೇ ಎಂದು ಕೇಳಿದ್ದೀರಿ. ಒಪ್ಪುತ್ತಾರೆ, ಆದರೆ ಬಾಯಿಮಾತಿಗಲ್ಲ, ಕಣ್ಣಿಗೆ ಕಂಡದ್ದಕ್ಕೆ.

ನಾನು ಶುರು ಮಾಡುವುದು ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಟೆಸ್ಟ್ ಗುಂಡಿಯಿಂದ. ಅದನ್ನು ಮನೆಯವರ ಬೆರಳಿನಿಂದಲೇ ಒತ್ತಿಸುತ್ತೇನೆ. ಕಳೆದ ತಿಂಗಳು ಒಂದು ಮನೆಯಲ್ಲಿ ಎಷ್ಟು ಒತ್ತಿದರೂ ಟ್ರಿಪ್ ಆಗಲಿಲ್ಲ. 30 ಮಿಲಿಆಂಪಿಯರ್ ಸೋರಿದರೆ ವಿದ್ಯುತ್ ಕಡಿಯಬೇಕಾದದ್ದು ಸುಮ್ಮನೆ ಕುಳಿತಿತ್ತು. ಆಮೇಲೆ ನಾನು ವಿವರಿಸುವುದೇನೂ ಉಳಿಯಲಿಲ್ಲ. ಅದೇ ಮನೆಯ ಗೀಸರಿನ ಸಾಕೆಟ್ ಬಿಚ್ಚಿದರೆ ಗೀಸರಿಗೆ ಸಾಲದಷ್ಟು ತೆಳುವಾದ 1.5 ಚದರ ಮಿಲಿಮೀಟರ್ ತಂತಿ, ತುದಿಯಲ್ಲಿ ಕಂದಿ ಕಪ್ಪಾದ ಪ್ಲಾಸ್ಟಿಕ್.

500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆ ಸರಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿಯುವ ಮುನ್ನ ಮೇನ್ ಆರಿಸಿ, ಟಿವಿ, ಫ್ರಿಜ್, ಎಲ್‌ಇಡಿ ದೀಪಗಳನ್ನೆಲ್ಲ ಬೇರ್ಪಡಿಸಿ. ಇಲ್ಲದಿದ್ದರೆ ಹೊಸ ಟಿವಿ ನಿಮ್ಮ ಲೆಕ್ಕಕ್ಕೆ! ಅರ್ತಿಂಗ್ ಅಳೆಯಲು ಬೇಸಿಗೆಯಲ್ಲೇ ಹೋಗಿ. ಮಳೆಗಾಲದ ಒದ್ದೆ ಮಣ್ಣಿನಲ್ಲಿ ಎಂಥ ಅರ್ತಿಂಗ್ ಕೂಡ ಚೆನ್ನಾಗಿಯೇ ಕಾಣುತ್ತದೆ.

ತಪಾಸಣೆಯ ಶುಲ್ಕವನ್ನೂ ರಿಪೇರಿಯ ಖರ್ಚನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಡಿ. ಉಚಿತವೆಂದರೆ ಸಾಮಾನು ಮಾರಲು ಬಂದವರೆಂದೇ ತಿಳಿಯುತ್ತಾರೆ. ಅಂದಹಾಗೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಬಾಡಿಗೆ ಮನೆಯಾದರೆ ವರದಿಯ ಒಂದು ಪ್ರತಿಯನ್ನು ಮಾಲೀಕರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಾಡಿಗೆದಾರರ ಮೂಲಕ ಕಳುಹಿಸಿದ ಕಾಗದ ಸಾಮಾನ್ಯವಾಗಿ ಫ್ರಿಜ್ಜಿನ ಮೇಲೆಯೇ ಉಳಿದುಬಿಡುತ್ತದೆ.