ಬಿಪಿ 150/96 ಬಂದಿದೆ, ವಯಸ್ಸು 43. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತಿನ್ನಬೇಕಂತೆ. ಊಟ, ವಾಕಿಂಗ್‌ನಲ್ಲೇ ಇಳಿಸಬಹುದಾ?

ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ನನ್ನದು 158/98. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಡಾಕ್ಟರು ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆದುಕೊಟ್ಟರು. ಎರಡು ತಿಂಗಳಿಗೆ 126/80 ಬಂತು. ವಾಸಿಯಾಯಿತು ಅಂತ ನಿಲ್ಲಿಸಿಬಿಟ್ಟೆ.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನಿಲ್ಲಿಸಿದ ಮೂರನೇ ದಿನ ನೋಡಿದರೆ 128/82. ಮಾತ್ರೆ ಇಲ್ಲದೆಯೂ ಸರಿ ಇದೆಯಲ್ಲ ಅನ್ನಿಸಿತು. ಆದರೆ ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ 30ರಿಂದ 50 ಗಂಟೆ ಹಿಡಿಯುತ್ತದೆ. ದಿನಾ ತಿನ್ನುತ್ತಿದ್ದವರ ಮೈಯಿಂದ ಪೂರ್ತಿ ಹೋಗಲು ವಾರ, ಹತ್ತು ದಿನವೇ ಬೇಕು. ಮೂರನೇ ದಿನ ಕಂಡ 128 ಮೈಯಲ್ಲಿ ಉಳಿದಿದ್ದ ಮಾತ್ರೆಯ ಕೆಲಸ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಮೆಷಿನ್ ಬೀರುವಿಗೆ ಸೇರಿಸಿಬಿಟ್ಟಿದ್ದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ಮಂಡಿಯಲ್ಲಿ ಓಡಾಟಕ್ಕೂ ಏನೂ ತೊಂದರೆಯಿಲ್ಲ. ಒಂದೂವರೆ ವರ್ಷದ ಮೇಲೆ ಕನ್ನಡಕದ ನಂಬರ್ ನೋಡಿಸಲು ಹೋದೆ. ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಒಳಗೆ ನೋಡಿ, "ಬಿಪಿ ಇದೆಯೇನ್ರೀ ನಿಮಗೆ?" ಅಂದರು. ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಒಳಪರದೆಯಲ್ಲಿ, ರಕ್ತದ ಚುಕ್ಕೆಗಳು. ಅವತ್ತು ಬಿಪಿ 176/108. ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಹೃದಯದ ಎಡಗಡೆ ಗೋಡೆ ದಪ್ಪಗಾಗಿದೆ, ಮೂತ್ರ ಪರೀಕ್ಷೆ ಮಾಡಿಸಿದರೆ ಪ್ರೋಟೀನ್ ಹೋಗುತ್ತಿದೆ, ಅಂದರೆ ಕಿಡ್ನಿಗೂ ಪೆಟ್ಟು. ಈಗ ಎರಡು ಮಾತ್ರೆ.

ಹಾಗಾಗಿ "ಮಾತ್ರೆಯೋ, ಊಟ-ವಾಕಿಂಗೋ" ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಬಿಪಿ ಮಾತ್ರೆ ಚಟವಾಗಿ ಅಂಟಿಕೊಳ್ಳುವುದಿಲ್ಲ. ಕಾಯಿಲೆ ಉಳಿದಿರುತ್ತದೆ, ಅದಕ್ಕೇ ಮಾತ್ರೆಯೂ ಉಳಿಯುತ್ತದೆ. ತೂಕ, ಉಪ್ಪು ಇಳಿಸಿದ ಮೇಲೆ ಡೋಸ್ ಕಡಿಮೆ ಆಗುವವರಿದ್ದಾರೆ, ಕೆಲವರಿಗೆ ನಿಂತೂ ಹೋಗುತ್ತದೆ. ಆದರೆ ಅದನ್ನು ಡಾಕ್ಟರು ರೀಡಿಂಗ್ ನೋಡಿ ಮಾಡಬೇಕು.

ಅದಕ್ಕೂ ಮೊದಲು ನಿಮ್ಮ 150/96 ನಿಜವೇ ನೋಡಿ. ತೋಳಿಗೆ ಕಟ್ಟುವ ಮೆಷಿನ್ ತಗೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿ ನಿಮ್ಮ ತೋಳಿನ ಸುತ್ತಳತೆಗೆ ಸರಿಹೊಂದಬೇಕು, ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಬೀಡಿ ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ ಐದು ನಿಮಿಷ ಕೂತಿರಿ. ಪಟ್ಟಿ ಬರೀ ತೋಳಿನ ಮೇಲೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಕೈಯನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಿ. ಕೈ 10 ಸೆಂಟಿಮೀಟರ್ ಕೆಳಗಿದ್ದರೂ ಏಳೆಂಟು ಅಂಕ ಸುಮ್ಮನೆ ಏರುತ್ತದೆ. ಬೆಳಿಗ್ಗೆ ಮಾತ್ರೆಗೆ, ತಿಂಡಿಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದ 24ರ ಸರಾಸರಿ ತೆಗೆಯಿರಿ. ಮನೆಯಲ್ಲಿ ಸರಾಸರಿ 135/85 ಅಥವಾ ಮೇಲಿದ್ದರೆ ಅದು ಬಿಪಿಯೇ. 140/90 ಅನ್ನುವುದು ಆಸ್ಪತ್ರೆಯಲ್ಲಿ ನೋಡಿದಾಗಿನ ಗೆರೆ.

ಇನ್ನು ಉಪ್ಪು. ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತನಾಳದೊಳಗೆ ಒತ್ತಡ ಏರುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು. ಅಡುಗೆಯಲ್ಲಿ ಇದನ್ನು ಅಳೆಯುತ್ತಾ ಕೂರಲು ಯಾರಿಗೂ ಆಗಲ್ಲ. ಸುಲಭದ ದಾರಿ ಇದೆ: ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ಅದು 50 ದಿನ ಬರಬೇಕು. ನಮ್ಮ ಮನೆಯಲ್ಲಿ 24ನೇ ದಿನಕ್ಕೇ ಖಾಲಿ! ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ಉಪ್ಪು ಇದಕ್ಕೆ ಸೇರಿಲ್ಲ. ರಾಗಿಮುದ್ದೆಯದು ಏನೂ ತಪ್ಪಿಲ್ಲ, ಅದಕ್ಕೆ ಉಪ್ಪೇ ಬೇಕಿಲ್ಲ. ತಪ್ಪಿರುವುದು ಉಪ್ಪೆಸರಿನ ಖಾರದಲ್ಲಿ, ಊಟಕ್ಕೆ ಕೂತ ಮೇಲೆ ಎಲೆ ಮೇಲೆ ಬಡಿಸಿಕೊಳ್ಳುವ ಪುಡಿಯುಪ್ಪಿನಲ್ಲಿ. ಕಲ್ಲುಪ್ಪು, ಸೈಂಧವ ಲವಣ ಅಂತ ಬದಲಾಯಿಸಿ ಪ್ರಯೋಜನವಿಲ್ಲ, ಎಲ್ಲವೂ ಸೋಡಿಯಂ ಕ್ಲೋರೈಡೇ. "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್ ತರಹದ ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ವಾಕಿಂಗ್ ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮೊದಲ ದಿನವೇ ನಮ್ಮ ಕೋಲಾರದ ಅಂತರಗಂಗೆ ಬೆಟ್ಟದಂಥ ಕಡೆ ಮೆಟ್ಟಿಲು ಹತ್ತಲು ಹೋಗಬೇಡಿ. ತೂಕ ಒಂದು ಕಿಲೋ ಇಳಿದರೆ ಮೇಲಿನ ಅಂಕ ಹೆಚ್ಚುಕಡಿಮೆ ಒಂದು ಇಳಿಯುತ್ತದೆ. ಕುಡಿತ ಇದ್ದರೆ ಬಿಡಿ.

ಯಾರೂ ಹೇಳದ ಇನ್ನೆರಡಿವೆ. ಮಂಡಿನೋವಿಗೆ, ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬಿಪಿ ಏರಿಸುತ್ತವೆ. ಜೋರು ಗೊರಕೆ, ನಡುವೆ ಉಸಿರು ನಿಂತು ಎಚ್ಚರವಾಗುವುದು ಇದ್ದರೆ ಅದೂ ಏರಿಸುತ್ತದೆ. ನಿಮ್ಮ ಗೊರಕೆ ನಿಮಗೆ ಗೊತ್ತಾಗಲ್ಲ, ಮನೆಯವರನ್ನು ಕೇಳಿ.

ಏಳು ದಿನದ ರೀಡಿಂಗ್ ಬರೆದ ಹಾಳೆ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಎರಡನ್ನೂ ಡಾಕ್ಟರ ಹತ್ತಿರ ಒಯ್ಯಿರಿ. ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ), ಮೂತ್ರದ ಪ್ರೋಟೀನ್, ಸಕ್ಕರೆ, ಇಸಿಜಿ, ಕಣ್ಣು, ಇಷ್ಟನ್ನು ಒಮ್ಮೆ ಮಾಡಿಸಿ. ಮೇಲಿನದು 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು, ಒಂದು ಕೈಗೆ ಬಲ ಇಲ್ಲದಿರುವುದು ಇದ್ದರೆ ಹಾಳೆಯನ್ನು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ.